ಬುರುಡೆ ಕಟ್ಟಿಕೊಂಡವರು, ಹಲಗೆ ಹತ್ತಿದವರು

ಹಿಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಸರ್ಫಿಂಗ್ ಬಗ್ಗೆ ಒಂದು ಸಣ್ಣ ಬರಹ ಹಾಕಿದ್ದೆವು. ಹಲಗೆಯ ಮೇಲೆ ನಿಂತು ಅಲೆಯೊಡನೆ ದಡಕ್ಕೆ ಜಾರಿ ಬರುವ ಈ ಕ್ರೀಡೆ ಹವಾಯಿ ದ್ವೀಪಗಳಲ್ಲಿ ಬೆಳೆಯಿತು ಎಂಬ ವಾಕ್ಯ ಅದರಲ್ಲಿತ್ತು. ಆ ಒಂದು ವಾಕ್ಯದ ಮೇಲೆ ಸಿಟ್ಟಾಗಿ ಸುರಪುರ ತಾಲ್ಲೂಕಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಇನ್‌ಲ್ಯಾಂಡ್ ಪತ್ರದ ಅಂಚು ಕೂಡ ಬಿಡದೆ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಅವರ ಆಕ್ಷೇಪ ಎರಡು. ಒಂದು: "ಸಮುದ್ರ ನಮ್ಮಿಂದ ನಾನೂರು ಐನೂರು ಕಿಲೋಮೀಟರ್ ದೂರ. ಕೆರೆ ಬತ್ತಿದ ಊರಿನ ಮಕ್ಕಳಿಗೆ ಇದು ಯಾತಕ್ಕೆ? ಕಬಡ್ಡಿ ಬಗ್ಗೆ ಬರೆಯಿರಿ." ಎರಡು: "ಹವಾಯಿಯವರು ನೀರಿನಲ್ಲಿ ಆಡಿಕೊಂಡಿದ್ದರು, ಅಷ್ಟೇ. ನಿಯಮ, ಅಂಕ, ತೀರ್ಪುಗಾರ ಇಲ್ಲದ್ದು ಆಟ, ಇದ್ದದ್ದು ಕ್ರೀಡೆ. ಸರ್ಫಿಂಗನ್ನು ಕ್ರೀಡೆ ಮಾಡಿದವರು ಅಮೆರಿಕದವರು ಮತ್ತು ಆಸ್ಟ್ರೇಲಿಯಾದವರು. ಮಕ್ಕಳಿಗೆ ತಪ್ಪು ಹೇಳಬೇಡಿ."

ಮಾಸ್ತರರೇ, ನಿಮ್ಮ ಎರಡನೆಯ ಮಾತಿನಲ್ಲಿ ನಾಲ್ಕಾಣೆ ನಿಜವಿದೆ. ಅದನ್ನು ಮೊದಲೇ ಕೊಟ್ಟುಬಿಡುತ್ತೇನೆ, ಬಾಕಿ ಉಳಿಯುವುದು ಬೇಡ. ಹಳೆಯ ಹಲಗೆಗಳನ್ನು ಹೊತ್ತು ಸಮುದ್ರದವರೆಗೆ ನಡೆಯುವುದೇ ಒಂದು ಕಸರತ್ತಾಗಿತ್ತು. ದೊಡ್ಡವು ಒಬ್ಬ ಆಳಿನಷ್ಟು ತೂಗುತ್ತಿದ್ದವು. ಅಮೆರಿಕದ ಟಾಮ್ ಬ್ಲೇಕ್ ಒಳಗೆ ಪೊಳ್ಳಾದ ಹಗುರ ಹಲಗೆ ಮಾಡಿದರು. 1935ರಲ್ಲಿ ಅದರ ತಳಕ್ಕೆ ಮೀನಿನದರಂಥ ರೆಕ್ಕೆ ಕೂರಿಸಿದರು, ಹಲಗೆ ಅಡ್ಡಾದಿಡ್ಡಿ ಜಾರುವುದು ನಿಂತಿತು. 1950ರ ದಶಕದಲ್ಲಿ ಚಳಿ ತಡೆಯುವ ರಬ್ಬರ್ ಉಡುಪು ಬಂತು, ಮರದ ಜಾಗಕ್ಕೆ ಫೋಮ್ ಬಂತು. 1964ರಲ್ಲಿ ಸಿಡ್ನಿಯ ಮ್ಯಾನ್ಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್, 1976ರಿಂದ ವೃತ್ತಿಪರರ ವಿಶ್ವ ಸರಣಿ, 1981ರಲ್ಲಿ ಸೈಮನ್ ಆಂಡರ್ಸನ್ ಅವರ ಮೂರು ರೆಕ್ಕೆಯ ಹಲಗೆ. ಈಗ ಅಲೆಯೊಂದಕ್ಕೆ ಹತ್ತರೊಳಗೆ ಅಂಕ; ಒಬ್ಬರ ಅತ್ಯುತ್ತಮ ಎರಡು ಅಲೆಗಳನ್ನು ಕೂಡಿಸಿ ಫಲಿತಾಂಶ. ಇದೆಲ್ಲ ನೀವು ಹೇಳಿದವರ ಕೆಲಸವೇ, ಒಳ್ಳೆಯ ಕೆಲಸವೇ. ಲೆಕ್ಕ ಚುಕ್ತಾ.

ಉಳಿದ ಹನ್ನೆರಡಾಣೆ ನನ್ನದು.

ಹವಾಯಿಯವರು ಇದಕ್ಕೆ ಇಟ್ಟುಕೊಂಡ ಹೆಸರು 'ಹೇಎ ನಾಲು'. ನಾಲು ಎಂದರೆ ಅಲೆ, ಹೇಎ ಎಂದರೆ ಜಾರುವುದು. ಸಾಮಾನ್ಯರ ತೆಳು ಹಲಗೆಗೆ ಅಲಾಯಾ ಎನ್ನುತ್ತಿದ್ದರು, ಅರಸುಮನೆತನದವರ ಉದ್ದನೆಯ ಹಲಗೆಗೆ ಓಲೋ. ಕೋಆ ಮರ, ಕರಾವಳಿಯವರು ಜೀಗುಜ್ಜೆ ಎನ್ನುವ ಮರ, ವಿಲಿವಿಲಿ ಎಂಬ ಬೆಂಡಿನಂಥ ಹಗುರ ಮರ, ಹೀಗೆ ಹಲಗೆಗೆ ತಕ್ಕ ಮರ. ಮರ ಕಡಿಯುವ ಮೊದಲು ಬುಡದಲ್ಲಿ ಕೆಂಪು ಮೀನೊಂದನ್ನು ಇಟ್ಟು ಪ್ರಾರ್ಥಿಸುತ್ತಿದ್ದರಂತೆ. ಆಡಿ ಬಂದ ಮೇಲೆ ಹಲಗೆಯನ್ನು ಒಣಗಿಸಿ, ತೆಂಗಿನೆಣ್ಣೆ ಸವರಿ, ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುತ್ತಿದ್ದರು. ಸುಮ್ಮನೆ ನೀರಿಗೆ ಬಿದ್ದು ಎದ್ದು ಬರುವವರು ಇಷ್ಟೆಲ್ಲ ಮಾಡುತ್ತಾರೆಯೇ? ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಅಲೆಗಿಳಿಯುತ್ತಿದ್ದರು. ಕಾಅಹುಮಾನು ರಾಣಿ ಇದರಲ್ಲಿ ನುರಿತವಳೆಂದು ಹೆಸರಾಗಿದ್ದಳು.

ಇನ್ನು ನಿಮ್ಮ ತೀರ್ಪುಗಾರ. ಹವಾಯಿಯಲ್ಲಿ ಅಲೆಯ ಮೇಲೆ ಪಂದ್ಯ ಕಟ್ಟುತ್ತಿದ್ದರು. ಹಂದಿ, ಬಲೆ, ದೋಣಿ ಪಣಕ್ಕೆ ಬೀಳುತ್ತಿದ್ದವು. ದೋಣಿ ಕಳೆದುಕೊಳ್ಳುವವನು ನಿಯಮವಿಲ್ಲದೆ ಸುಮ್ಮನೆ ಬಿಟ್ಟುಕೊಟ್ಟನೇ? ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ಕಲ್ಲು ನೆಲ ಬಿಟ್ಟು ಎದೆಗೆ ಬಂದು ಹೆಗಲು ದಾಟಿತೋ ಇಲ್ಲವೋ ಎಂಬುದಕ್ಕೆ ಸುತ್ತ ನಿಂತ ಐನೂರು ಜನರೇ ಸಾಕ್ಷಿ. ಅಲ್ಲಿ ಸೀಟಿ ಊದುವವನಿಲ್ಲ, ಆದರೆ ಮೋಸ ಮಾಡಿದವನು ಬೆಳ್ಳಿ ಕಡಗ ತೊಟ್ಟು ಮನೆಗೆ ಹೋದದ್ದನ್ನು ನಾನು ಕಾಣೆ. ಬಿಳಿ ಟೋಪಿ ಹಾಕಿದ ತೀರ್ಪುಗಾರರಿದ್ದ ಪಂದ್ಯಗಳ ಬಗ್ಗೆ ಹೀಗೆ ಹೇಳುವ ಧೈರ್ಯ ನನಗಿಲ್ಲ.

ಹಾಗೆಂದು ಅದನ್ನು ಸ್ವರ್ಗ ಮಾಡಿ ತೋರಿಸಲಾರೆ. ಒಳ್ಳೆಯ ಅಲೆ ಏಳುವ ಕೆಲವು ಜಾಗಗಳು ಅರಸರಿಗೆ ಮೀಸಲು. ಸಾಮಾನ್ಯನು ಅಲ್ಲಿಗೆ ಇಳಿದರೆ ಶಿಕ್ಷೆ. ಅಲೆಯನ್ನೂ ಮೇಲುಕೀಳಿಗೆ ಹಂಚಿದ್ದರು. ಕಲ್ಯಾಣದ ನೆಲದಲ್ಲಿ ಕುಳಿತು ಇದನ್ನು ಮುಚ್ಚಿಟ್ಟು ಬರೆದರೆ ನನಗೆ ಊಟ ಸೇರುವುದಿಲ್ಲ. ಆ ಕಟ್ಟುಪಾಡನ್ನು 1819ರಲ್ಲಿ ಹವಾಯಿಯವರೇ ಮುರಿದರು. ಮುರಿದವರಲ್ಲಿ ಮುಂದೆ ನಿಂತವಳು ಅದೇ ಕಾಅಹುಮಾನು.

ನನ್ನ ತಕರಾರು ಶುರುವಾಗುವುದು ಹುಟ್ಟಿದ ತಾರೀಖಿನಲ್ಲಿ. ಸರ್ಫಿಂಗ್ ಇತಿಹಾಸದ ಯಾವ ಪುಸ್ತಕ ತೆರೆದರೂ ಮೊದಲ ಅಧ್ಯಾಯದಲ್ಲಿ ಇಂಗ್ಲಿಷರ ಹಡಗು ಬಂದು ಲಂಗರು ಹಾಕುತ್ತದೆ. 1769ರಲ್ಲಿ ಇಂಗ್ಲಿಷ್ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ತಾಹಿತಿ ದ್ವೀಪದಲ್ಲಿ ಈ ಆಟ ನೋಡಿದ. 1778ರಲ್ಲಿ ಕ್ಯಾಪ್ಟನ್ ಕುಕ್ ಹವಾಯಿ ಮುಟ್ಟಿದ. 1779ರಲ್ಲಿ ಅವನ ಅಧಿಕಾರಿ ಜೇಮ್ಸ್ ಕಿಂಗ್ ಕೆಅಲಕೆಕುಆ ಕೊಲ್ಲಿಯಲ್ಲಿ ಹಲಗೆಯ ಆಟ ಕಂಡು ಬರೆದ. ಸರಿ, ಬರೆದದ್ದು ಉಪಕಾರವೇ. ಆದರೆ ನೋಡಿದವನು ಬರೆದ ದಿನವನ್ನು ಆಡಿದವನ ಹುಟ್ಟುಹಬ್ಬ ಮಾಡಿಬಿಟ್ಟರೆ ಹೇಗೆ? ಆ ದ್ವೀಪಗಳಿಗೆ ಕುಕ್ ಇಟ್ಟ ಹೆಸರು ಸ್ಯಾಂಡ್‌ವಿಚ್ ದ್ವೀಪಗಳು, ಇಂಗ್ಲೆಂಡಿನ ಒಬ್ಬ ಸಾಹೇಬನ ಹೆಸರು. ಹೆಸರಿನ ವಿಷಯದಲ್ಲಿ ನಾವೂ ಮಾತನಾಡಬಹುದು. 2014ರ ನವೆಂಬರ್‌ವರೆಗೆ ನಮ್ಮ ಊರು ಸರ್ಕಾರಿ ಕಾಗದದಲ್ಲಿ ಗುಲ್ಬರ್ಗ. 2019ರವರೆಗೆ ನಮ್ಮ ಸೀಮೆ ಇನ್ನೊಂದು ರಾಜ್ಯದ ರಾಜಧಾನಿಯನ್ನು ತಲೆಯ ಮೇಲೆ ಹೊತ್ತು ಹೈದರಾಬಾದ್ ಕರ್ನಾಟಕ ಎನಿಸಿಕೊಂಡಿತ್ತು. ಇಂದಿಗೂ ಬೆಂಗಳೂರಿನಿಂದ ಬರುವ ಕೆಲವು ಲಕೋಟೆಗಳ ಮೇಲೆ ಹಳೆಯ ಹೆಸರೇ ಇರುತ್ತದೆ.

1820ರಲ್ಲಿ ಅಮೆರಿಕದ ಪಾದ್ರಿಗಳು ಹವಾಯಿಗೆ ಬಂದರು. ಮೈಮೇಲೆ ಬಟ್ಟೆಯಿಲ್ಲದೆ ಗಂಡು ಹೆಣ್ಣು ಒಂದೇ ಅಲೆಯಲ್ಲಿ ಬರುವುದು, ಪಂದ್ಯ ಕಟ್ಟುವುದು ಅವರಿಗೆ ಹಿಡಿಸಲಿಲ್ಲ. ಆಟ ಕುಗ್ಗಿತು. ಹೈರಮ್ ಬಿಂಗ್‌ಹ್ಯಾಮ್ ಎಂಬ ಪಾದ್ರಿ ಮುಂದೆ ಬರೆಯುತ್ತಾ, ಇದಕ್ಕೆ ನಮ್ಮ ಬಲವಂತ ಕಾರಣವಲ್ಲ, ಜನರಲ್ಲಿ ಲಜ್ಜೆಯೂ ದುಡಿಮೆಯೂ ಧರ್ಮವೂ ಹೆಚ್ಚಿದ್ದೇ ಕಾರಣ ಎಂಬರ್ಥದ ಮಾತು ಹೇಳಿದ್ದಾನೆ. ನಾಜೂಕಾದ ಉತ್ತರ. ಅದಕ್ಕಿಂತ ದೊಡ್ಡ ಕಾರಣ ರೋಗ. ಹಡಗುಗಳೊಡನೆ ಬಂದ ರೋಗಗಳಿಂದ ಲಕ್ಷಗಟ್ಟಲೆ ಇದ್ದ ಜನ 1890ರ ದಶಕದ ಹೊತ್ತಿಗೆ ಸುಮಾರು ನಲವತ್ತು ಸಾವಿರಕ್ಕೆ ಇಳಿದಿದ್ದರು. ಅಲೆ ಇತ್ತು, ಹತ್ತುವವರು ಮಣ್ಣಾಗಿದ್ದರು.

ಪಾದ್ರಿಗಳ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು, ಏಕೆಂದರೆ ನನ್ನ ಕಸುಬು ಪತ್ರಿಕೆ. ಹವಾಯಿ ಭಾಷೆಗೆ ಲಿಪಿ ಹೊಂದಿಸಿ ಅಚ್ಚಿನ ಯಂತ್ರ ತಂದವರು ಅವರೇ. 1834ರಲ್ಲಿ ಆ ಭಾಷೆಯ ಮೊದಲ ಪತ್ರಿಕೆ 'ಕಾ ಲಾಮಾ ಹವಾಯಿ' ಬಂತು. ನಮ್ಮ 'ಮಂಗಳೂರ ಸಮಾಚಾರ' ಬಂದದ್ದು 1843ರಲ್ಲಿ, ಅದೂ ಪಾದ್ರಿಯ ಕೈಯಿಂದಲೇ. ಯಂತ್ರ ಪಾದ್ರಿಗಳದ್ದಾದರೂ ಬರೆಯುವ ಚಟ ಹವಾಯಿಯವರಿಗೆ ಹತ್ತಿತು. ನೂರಕ್ಕೂ ಹೆಚ್ಚು ಪತ್ರಿಕೆಗಳು ಬಂದವು. ತಮ್ಮ ಹಾಡು, ಕಥೆ, ಅಲೆಗಳ ಹೆಸರು, ಯಾವ ಕೊಲ್ಲಿಯಲ್ಲಿ ಯಾರು ಗೆದ್ದರು ಎಂಬುದನ್ನೆಲ್ಲ ಅವರು ಅಲ್ಲಿ ಬರೆದಿಟ್ಟರು. ಇಂದು ಸರ್ಫಿಂಗ್‌ನ ಹಳೆಯ ಕಥೆಯನ್ನು ತಿದ್ದಿ ಬರೆಯುತ್ತಿರುವವರು ಆ ಹಳದಿ ಬಿದ್ದ ಹಾಳೆಗಳನ್ನೇ ಓದುತ್ತಿದ್ದಾರೆ. ಜಿಲ್ಲಾ ಮಟ್ಟದ ಪತ್ರಿಕೆಗೆ ಚಂದಾ ಕಟ್ಟಲು ಹಿಂದೆಮುಂದೆ ನೋಡುವ ಓದುಗರು ಇದನ್ನು ಎರಡು ಸಲ ಓದಬೇಕಾಗಿ ವಿನಂತಿ. (ನಿಮ್ಮ ಚಂದಾ ಬಂದಿದೆ ಮಾಸ್ತರರೇ, ನಿಮಗೆ ಹೇಳಿದ್ದಲ್ಲ.)

ಮುಂದಿನದು ಬೇಗ ಹೇಳುತ್ತೇನೆ, ನೆನೆದರೆ ಬೇಸರ. 1893ರಲ್ಲಿ ಹವಾಯಿಯ ರಾಣಿಯನ್ನು ಇಳಿಸಿದರು, 1898ರಲ್ಲಿ ದೇಶವನ್ನೇ ಅಮೆರಿಕಕ್ಕೆ ಸೇರಿಸಿದರು. ನಡುವೆ 1896ರಲ್ಲಿ ಶಾಲೆಯ ಭಾಷೆ ಇಂಗ್ಲಿಷ್ ಎಂದು ಕಾನೂನಾಯಿತು. ನನ್ನ ಅಜ್ಜ ಮನೆಯಲ್ಲಿ ಕನ್ನಡ ಮಾತನಾಡಿ, ನಿಜಾಮನ ಕಾಲದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿತವರು. ಸಾಯುವವರೆಗೆ ಮಗ್ಗಿಯನ್ನು ಉರ್ದುವಿನಲ್ಲೇ ಎಣಿಸುತ್ತಿದ್ದರು. ಉರ್ದುವಿನ ಮೇಲೆ ನನಗೆ ಮುನಿಸಿಲ್ಲ. ಈ ಊರಿನಲ್ಲಿ ಅದು ಪಕ್ಕದ ಮನೆಯ ಭಾಷೆ. ಆದರೆ ಅಜ್ಜನಿಗೆ ತಿಳಿದಿದ್ದ ಬಾವಿ, ಬಿತ್ತನೆ, ಈಜಿನ ವಿದ್ಯೆಯನ್ನು ಬರೆದಿಡಲು ಅವರಿಗೆ ಶಾಲೆಯ ಅಕ್ಷರ ಸಿಗಲಿಲ್ಲ, ಅವರು ಬರೆಯಲೂ ಇಲ್ಲ. ಹವಾಯಿ ಭಾಷೆಯ ಹಳೆಯ ಪತ್ರಿಕೆಗಳಲ್ಲಿ ಕೊನೆಯದು ನಿಂತದ್ದು 1948ರಲ್ಲಿ. ನಮ್ಮ ಸೀಮೆ ನಿಜಾಮನಿಂದ ಬಿಡುಗಡೆಯಾದ ವರ್ಷವೂ ಅದೇ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಬರೆದೆ.

ಈಗ ನೀವು ಹೇಳಿದ ಅಮೆರಿಕದವರ ಹತ್ತಿರ ಹೋಗೋಣ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಅಲೆ ಹತ್ತಿದವರು ಯಾರು ಗೊತ್ತೇ? 1885ರಲ್ಲಿ ಸಾಂಟಾ ಕ್ರೂಜ್‌ನಲ್ಲಿ, ಅಲ್ಲಿನ ರೆಡ್‌ವುಡ್ ಮರದಿಂದ ಹಲಗೆ ಕೊಯ್ಯಿಸಿಕೊಂಡ ಮೂವರು ಹವಾಯಿ ರಾಜಕುಮಾರರು. ಓದಲು ಬಂದಿದ್ದ ಹುಡುಗರು. ಆಮೇಲೆ 1907ರಲ್ಲಿ ಹೆನ್ರಿ ಹಂಟಿಂಗ್ಟನ್ ಎಂಬ ರೈಲು ಸಾಹುಕಾರ ತಾಯಿಯ ಕಡೆಯಿಂದ ಹವಾಯಿ ರಕ್ತವಿದ್ದ ಜಾರ್ಜ್ ಫ್ರೀತ್ ಎಂಬ ತರುಣನನ್ನು ರೆಡೊಂಡೊ ಬೀಚಿನಲ್ಲಿ ನಿಲ್ಲಿಸಿ, ನೀರಿನ ಮೇಲೆ ನಡೆಯುವ ಮನುಷ್ಯನನ್ನು ನೋಡ ಬನ್ನಿ ಎಂದು ಸಾರಿಸಿದ. ಜನ ಅವನ ರೈಲು ಹತ್ತಬೇಕು, ಕಡಲಂಚಿನ ನಿವೇಶನ ಕೊಳ್ಳಬೇಕು, ಅದಕ್ಕೆ ಈ ಏರ್ಪಾಟು. ನಮ್ಮ ರಿಂಗ್ ರೋಡಿನ ಆಚೆ ಲೇಔಟ್ ಉದ್ಘಾಟನೆಗೆ ಧಾರಾವಾಹಿ ನಟಿಯರನ್ನು ಕರೆಸುತ್ತಾರಲ್ಲ, ಅದರ ಮುತ್ತಜ್ಜ ಇದು. ಆ ಫ್ರೀತ್ 1908ರ ಬಿರುಗಾಳಿಯಲ್ಲಿ ಜಪಾನಿ ಮೀನುಗಾರರನ್ನು ಬದುಕಿಸಿ ಪದಕ ಪಡೆದ. 1919ರಲ್ಲಿ ಇನ್‌ಫ್ಲುಯೆನ್ಸದಿಂದ ಸತ್ತ, ಮೂವತ್ತೈದು ವರ್ಷಕ್ಕೆ.

ಡ್ಯೂಕ್ ಕಹಾನಮೋಕು ಅವರ ಕಥೆ ಹೇಳದೆ ನಾನು ನಿಮ್ಮನ್ನು ಬಿಡಲಾರೆ. 1911ರ ಆಗಸ್ಟ್‌ನಲ್ಲಿ ಹೊನೊಲುಲು ಬಂದರಿನ ಉಪ್ಪುನೀರಿನಲ್ಲಿ ಈ ಹವಾಯಿ ಹುಡುಗ ನೂರು ಗಜವನ್ನು ವಿಶ್ವದಾಖಲೆಗಿಂತ ನಾಲ್ಕು ಸೆಕೆಂಡಿಗೂ ಹೆಚ್ಚು ಬೇಗ ಈಜಿದ. ಅಲ್ಲಿ ನಿಯಮವಿತ್ತು, ಗಡಿಯಾರವಿತ್ತು, ತೀರ್ಪುಗಾರರೂ ಇದ್ದರು, ನೀವು ಕೇಳಿದ್ದೆಲ್ಲ. ಅಮೆರಿಕದ ಕ್ರೀಡಾ ಸಂಸ್ಥೆ ಒಪ್ಪಲಿಲ್ಲ. ಗಡಿಯಾರ ತಪ್ಪಿರಬೇಕು, ನೀರಿನ ಸೆಳೆತ ದೂಡಿರಬೇಕು ಎಂದರು. ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅದೇ ಹುಡುಗ ನೂರು ಮೀಟರ್ ಚಿನ್ನ ಗೆದ್ದ, 1920ರಲ್ಲಿ ಮತ್ತೊಮ್ಮೆ ಗೆದ್ದ. ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರಕ್ಕೆ ಹೋಗಿ ಅಲ್ಲಿ ಸಿಕ್ಕ ಪೈನ್ ಮರದಲ್ಲಿ ತಾನೇ ಹಲಗೆ ಕೆತ್ತಿ ಆಸ್ಟ್ರೇಲಿಯಾದವರಿಗೆ ಅಲೆ ಹತ್ತುವುದನ್ನು ತೋರಿಸಿದವರೂ ಇವರೇ, 1914-15ರ ಅಲ್ಲಿನ ಬೇಸಿಗೆಯಲ್ಲಿ. ಆ ಹಲಗೆಯನ್ನು ಇಂದಿಗೂ ಅಲ್ಲಿನ ಕ್ಲಬ್ಬಿನಲ್ಲಿ ಕಾಪಾಡಿದ್ದಾರೆ. ನೀವು ಯಾರನ್ನು ಗುರು ಎಂದು ಬರೆದಿರೋ ಅವರೆಲ್ಲ ಇವರ ಶಿಷ್ಯರು. ಇಂಥ ಮನುಷ್ಯ ಊರಿಗೆ ಮರಳಿ ಹೊಟ್ಟೆಪಾಡಿಗೆ ಪೆಟ್ರೋಲ್ ಬಂಕ್ ನಡೆಸಿದರು.

'ಗಡಿಯಾರ ತಪ್ಪಿರಬೇಕು' ಎಂಬುದನ್ನು ಓದಿದಾಗಲೆಲ್ಲ ನನಗೆ ಒಂದು ಬೆಳಗು ನೆನಪಾಗುತ್ತದೆ. ಆಗ ನಾನು ವರದಿಗಾರ, ಇನ್ನೂ ಮೀಸೆ ಕಪ್ಪಗಿತ್ತು. ಭೀಮಾ ದಂಡೆಯ ಇಬ್ಬರು ಅಂಬಿಗರ ಹುಡುಗರನ್ನು ಈಜು ಆಯ್ಕೆಗೆಂದು ಒಂದು ಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ತುಂಬಿದ ಹೊಳೆಯನ್ನು ಎಮ್ಮೆಯ ಬಾಲ ಹಿಡಿಯದೆ ದಾಟುವ ಹುಡುಗರು. ಮೊದಲು ಜನ್ಮ ಪ್ರಮಾಣಪತ್ರ ಕೇಳಿದರು. ಆಮೇಲೆ ಈಜುಡುಗೆ ಎಲ್ಲಿ ಎಂದರು. ಚಡ್ಡಿಯಲ್ಲೇ ಇಳಿಸಿದಾಗ ಇಬ್ಬರೂ ತಲೆಯೆತ್ತಿ ಈಜಿದರು, ಹೊಳೆಯಲ್ಲಿ ತೇಲಿಬರುವ ಮುಳ್ಳುಕಂಟಿ ನೋಡಿಕೊಳ್ಳಬೇಕಲ್ಲ, ಹಾಗೆ. ಅಲ್ಲಿದ್ದವರು ನಕ್ಕು "ಸ್ಟೈಲ್ ಇಲ್ಲ" ಎಂದು ಬರೆದುಕೊಂಡರು. ಹಿಂದಿರುಗುವ ಬಸ್ಸಿನಲ್ಲಿ ದೊಡ್ಡವನು ಕೇಳಿದ: "ಅಣ್ಣಾವರೇ, ಅಲ್ಲಿ ನೀರು ಹರಿಯುವುದೇ ಇಲ್ಲವಲ್ಲ, ಅದರಲ್ಲಿ ಈಜುವುದೆಂದರೆ ಏನು?" ನನಗೆ ಉತ್ತರ ಹೊಳೆಯಲಿಲ್ಲ. ಆ ಈಜುಕೊಳ ಆಮೇಲೆ ವರ್ಷಗಟ್ಟಲೆ ಬೀಗ ಹಾಕಿಕೊಂಡು ಪಾಚಿಗಟ್ಟಿತು.

ಕಬಡ್ಡಿ ನಿಮ್ಮ ಪ್ರಾಣ ಎಂದು ಪತ್ರವೇ ಹೇಳುತ್ತದೆ. ಹಾಗಾದರೆ ಅದರಿಂದಲೇ ಕೇಳುತ್ತೇನೆ. ಏಷ್ಯನ್ ಕ್ರೀಡಾಕೂಟದ ಪದಕ ಪಟ್ಟಿಗೆ ಕಬಡ್ಡಿ ಸೇರಿದ್ದು 1990ರಲ್ಲಿ. ನಿಮ್ಮ ತಂದೆಯವರು ಸುಗ್ಗಿ ಮುಗಿದ ಹೊಲದಲ್ಲಿ ಆಡಿದ ಹುತುತು ಅಲ್ಲಿಯವರೆಗೆ ಏನಾಗಿತ್ತು? 2018ರಲ್ಲಿ ಜಕಾರ್ತಾದಲ್ಲಿ ಇರಾನ್ ನಮ್ಮ ಗಂಡಸರ ತಂಡವನ್ನು ಸೆಮಿಫೈನಲ್‌ನಲ್ಲಿ, ಹೆಂಗಸರ ತಂಡವನ್ನು ಫೈನಲ್‌ನಲ್ಲಿ ಸೋಲಿಸಿ ಎರಡೂ ಚಿನ್ನ ಒಯ್ದಿತು. ಇರಾನಿನವರು ನಾಳೆ ಚಂದದ ಮ್ಯಾಟು ಹಾಸಿ, ಹೊಸ ನಿಯಮ ಬರೆದು, ಕಬಡ್ಡಿಯನ್ನು ಕ್ರೀಡೆ ಮಾಡಿದವರು ನಾವೇ ಎಂದರೆ ನೀವು ಸೀಟಿ ಊದಿ ಒಪ್ಪುತ್ತೀರಾ? ನಾನಂತೂ ನಿಮ್ಮ ಪರವಾಗಿ ಜಗಳಕ್ಕೆ ಇಳಿಯುತ್ತೇನೆ. ಹವಾಯಿಯವರ ಪರವಾಗಿ ಇಳಿದಿರುವುದೂ ಅದೇ ಜಗಳಕ್ಕೆ.

ಉಳಿದದ್ದು ನಿಮ್ಮ ಮೊದಲ ಪ್ರಶ್ನೆ: ಸಮುದ್ರಕ್ಕೂ ನಮಗೂ ಏನು ನಂಟು? ಮಾಸ್ತರರೇ, ನೀವು ಈ ಪತ್ರಿಕೆಯನ್ನು ಮನೆಯ ನೆಲದ ಮೇಲೆ ಕುಳಿತು ಓದುತ್ತಿದ್ದರೆ, ಆ ಶಹಾಬಾದ್ ಫರ್ಸಿಯ ಮೇಲೆ ಒಮ್ಮೆ ಕೈಯಾಡಿಸಿ. ಭೀಮಾ ದಂಡೆಯ ಈ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕುಳಿತ ಕೆಸರು. ಸಮುದ್ರದ ತಳವನ್ನೇ ಹಾಸಿಕೊಂಡು ಸಮುದ್ರ ದೂರ ಎನ್ನುತ್ತಿದ್ದೀರಿ.

ಇನ್ನು ಅಲೆ. ಅದು ದಡದಲ್ಲಿ ಹುಟ್ಟುವುದಿಲ್ಲ. ಎಲ್ಲೋ ದೂರದಲ್ಲಿ ಗಾಳಿ ನೀರಿನ ಮೇಲೆ ದಿನಗಟ್ಟಲೆ ಬೀಸಿದರೆ ಉಬ್ಬು ಏಳುತ್ತದೆ. ನೀರು ಇದ್ದಲ್ಲೇ ಸುತ್ತುತ್ತದೆ, ಮುಂದೆ ಸಾಗುವುದು ಶಕ್ತಿ ಮಾತ್ರ. ಜೋಳದ ಹೊಲದ ಮೇಲೆ ಗಾಳಿ ಹಾಯ್ದಾಗ ದಂಟು ಕದಲದೆ ತೆನೆಗಳ ಓಲಾಟ ಬದುವಿನವರೆಗೆ ಹೋಗುವುದಿಲ್ಲವೇ, ಹಾಗೆ. ದಡದ ಬಳಿ ಆಳ ಕಡಿಮೆಯಾದಾಗ ಅಲೆಯ ಬುಡ ತಡೆಯುತ್ತದೆ, ನೆತ್ತಿ ಮುಂದೆ ಬೀಳುತ್ತದೆ. ಆ ಬೀಳುವ ಇಳಿಜಾರಿನಲ್ಲೇ ಹಲಗೆ ಜಾರುವುದು. ವಾಲ್ಟರ್ ಮಂಕ್ ಎಂಬ ಸಾಗರ ವಿಜ್ಞಾನಿ 1960ರ ದಶಕದಲ್ಲಿ ದಕ್ಷಿಣ ಧ್ರುವದ ಕಡೆಯ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳ ಬೆನ್ನುಹತ್ತಿ, ಅವು ಇಡೀ ಶಾಂತಸಾಗರ ದಾಟಿ ಅಲಾಸ್ಕದವರೆಗೆ ಹೋಗುವುದನ್ನು ಅಳೆದು ತೋರಿಸಿದರು. ಮಳೆಗಾಲದಲ್ಲಿ ನಮ್ಮ ಕರಾವಳಿಯನ್ನು ಬಡಿಯುವ ಅಲೆಗಳನ್ನು ಎಬ್ಬಿಸುವ ನೈರುತ್ಯದ ಗಾಳಿಯೇ ಘಟ್ಟ ಹತ್ತಿ ಇಳಿದು, ಉಳಿದ ಪಸೆಯಿಂದ ನಮ್ಮ ತೊಗರಿಯನ್ನು ಬದುಕಿಸುತ್ತದೆ. ಬಾರದಿದ್ದಾಗ ನಂಟು ಎಂಥದೆಂದು ನಮಗೆ ಬೇರೆ ಯಾರೂ ಹೇಳಬೇಕಿಲ್ಲ.

ನಂಟು ಗಾಳಿಯದ್ದಷ್ಟೇ ಅಲ್ಲ. ಮಂಗಳೂರಿನ ಕಟ್ಟಡಗಳನ್ನು ಕಟ್ಟುತ್ತಿರುವವರಲ್ಲಿ ನಮ್ಮ ಕಡೆಯವರು ಎಷ್ಟು ಜನ ಎಂಬುದು ಯಾದಗಿರಿಯ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಕುಳಿತರೆ ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆಂದು ಹೋದವನು ಸಸಿಹಿತ್ಲು ಕಡಲತೀರಕ್ಕೆ ಹೋಗಿದ್ದೆ. ಪಕ್ಕದ ಮೂಲ್ಕಿಯಲ್ಲಿ 2004ರಿಂದ ಸರ್ಫಿಂಗ್ ಕಲಿಸುತ್ತಿದ್ದಾರೆ. ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ನಡೆಯಿತು. ಬಣ್ಣದ ಹಲಗೆಗಳ ಹುಡುಗರು ಆಚೆ ಇದ್ದರು. ಈಚೆ, ಮೊಣಕಾಲುದ್ದದ ನೀರಿನಲ್ಲಿ, ಹತ್ತು ವರ್ಷದ ಒಬ್ಬ ಹುಡುಗ ಸೆಂಟ್ರಿಂಗ್ ಹಲಗೆಯ ತುಂಡೊಂದನ್ನು ಎದೆಗೆ ಒತ್ತಿ ಹಿಡಿದು ನೊರೆಯೊಡನೆ ಜಾರುತ್ತಿದ್ದ. ಹಲಗೆಗೆ ಸಿಮೆಂಟು ಇನ್ನೂ ಅಂಟಿತ್ತು. ದಡದಿಂದ ಅವನ ತಾಯಿ ಕೂಗಿ ಬಯ್ಯುತ್ತಿದ್ದಳು. ಅಪ್ಪಟ ಶಹಾಪುರದ ಬೈಗುಳ, ಕಿವಿ ತಂಪಾಯಿತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಗಂಡಸರ ಸರ್ಫಿಂಗ್‌ನ ಮೊಟ್ಟಮೊದಲ ಚಿನ್ನ ಗೆದ್ದ ಬ್ರೆಜಿಲ್‌ನ ಇಟಾಲೊ ಫೆರೇರಾ ಚಿಕ್ಕವನಿದ್ದಾಗ, ಮೀನು ಮಾರುವ ಅಪ್ಪನ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕಲಿತವರು ಎಂಬುದನ್ನು ನಾನು ಓದಿದ್ದು ಆಮೇಲೆ. ಇನ್ನೂ ಹತ್ತಿರದ ಸುದ್ದಿ ಬೇಕೇ? ಕೇರಳದ ಕೋವಲಂನಲ್ಲಿ ಬೆಳೆದ ಕರ್ನಾಟಕ ಮೂಲದ ರಮೇಶ್ ಬೂದಿಹಾಳ್ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಆ ಕೂಟದಲ್ಲಿ ಭಾರತೀಯರಿಗೆ ಬಂದ ಮೊದಲ ವೈಯಕ್ತಿಕ ಪದಕ. ನಿಮ್ಮ ಸುರಪುರ ಸೀಮೆಯಲ್ಲೇ ನವಶಿಲಾಯುಗದ ಬೂದಿದಿಬ್ಬವಿರುವ ಬೂದಿಹಾಳವಿದೆ. ಅವರು ಅದೇ ಊರಿನವರೆಂದು ನಾನು ಹೇಳುತ್ತಿಲ್ಲ. ಹೆಸರು ಓದಿದಾಗ ಎದೆಯುಬ್ಬಿತು ಎಂದಷ್ಟೇ ಹೇಳುತ್ತಿದ್ದೇನೆ.

ಕೊನೆಗೆ, ನಿಮ್ಮ ಮನೆಯ ಹತ್ತಿರದ ನೀರು. 2014ರ ಮಳೆಗಾಲದಲ್ಲಿ, ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಒಂಬತ್ತು ತಿಂಗಳ ಗರ್ಭಿಣಿಯೊಬ್ಬಳು ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ, ಉಕ್ಕಿದ ಹೊಳೆಯನ್ನು ಈಜಿ ದಾಟಿ ಬಂದಳು. ಆಸ್ಪತ್ರೆಯಲ್ಲಿ ಹೆರಬೇಕೆಂದು. ಇದನ್ನು ಸಾಹಸ ಎಂದು ಹೊಗಳಿ ಚಪ್ಪಾಳೆ ತಟ್ಟಿದರೆ ಸೇತುವೆ ಕಟ್ಟಬೇಕಾದವರಿಗೆ ಬಹಳ ಅನುಕೂಲ, ಆದ್ದರಿಂದ ಹೊಗಳುವುದಿಲ್ಲ. ಆದರೆ ಆ ವಿದ್ಯೆ? ಯಾವ ತಿಂಗಳ ಸೋರೆ, ಎಷ್ಟು ದಿನ ಒಣಗಬೇಕು, ಬೀಜ ಹೇಗೆ ತೆಗೆಯಬೇಕು, ಬಾಯಿಯನ್ನು ಯಾತರಿಂದ ಮುಚ್ಚಬೇಕು, ದೊಡ್ಡವರಿಗೆ ಎಷ್ಟು, ಮಗುವಿಗೆ ಎಷ್ಟು, ಗಂಟು ಬೆನ್ನಿಗೋ ಎದೆಗೋ, ಸೆಳೆತಕ್ಕೆ ಎಷ್ಟು ಓರೆಯಾಗಿ ಬೀಳಬೇಕು? ನನ್ನ ಅಜ್ಜ ನನಗೂ ಬುರುಡೆ ಕಟ್ಟಿ ಬಾವಿಗೆ ತಳ್ಳಿದ್ದರು. ಗಂಟು ಹೇಗೆ ಹಾಕಿದ್ದರೆಂದು ನಾನು ನೋಡಿಕೊಳ್ಳಲಿಲ್ಲ, ಕಿರುಚುತ್ತಿದ್ದೆ. ಅವಳ ಸುದ್ದಿಯನ್ನು ಬಿಬಿಸಿ ಪ್ರಪಂಚಕ್ಕೆಲ್ಲ ಹೇಳಿತು. ಕಲಬುರಗಿಯಲ್ಲಿ ಕುಳಿತ ನಮ್ಮ ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲು, ಅದೂ ಚುಟುಕು ಸುದ್ದಿಗಳ ಕೆಳಗೆ, ನಾನೇ ಹಾಕಿದ್ದು. ಜೇಮ್ಸ್ ಕಿಂಗ್‌ನನ್ನು ಬಯ್ಯುವಾಗ ಇದೂ ನೆನಪಿದೆ.

ಆದ್ದರಿಂದ ಒಂದು ಕೆಲಸ ಹಚ್ಚುತ್ತಿದ್ದೇನೆ, ಬೇಸರಪಡಬೇಡಿ. ನಿಯಮ, ಅಳತೆ ನಿಮಗೆ ಇಷ್ಟ. ಟೇಪು ತೆಗೆದುಕೊಂಡು ಹೊಳೆಯಂಚಿನ ಊರಿಗೆ ಹೋಗಿ, ಬುರುಡೆಯ ಸುತ್ತಳತೆ, ತೂಕ, ಹಗ್ಗದ ಉದ್ದ ಎಲ್ಲವನ್ನೂ ಅಳೆದು, ಗಂಟು ಹಾಕುವವರನ್ನು ಕೇಳಿ ಬರೆಯಿರಿ. ಅವರು ಒಪ್ಪಿದರೆ ಅವರ ಹೆಸರನ್ನೂ ಹಾಕೋಣ. ಕಬಡ್ಡಿ ಲೇಖನಕ್ಕೂ ಎರಡು ಪುಟ ತೆಗೆದಿರಿಸಿದ್ದೇನೆ. ಎರಡೂ ಇಪ್ಪತ್ತನೆಯ ತಾರೀಖಿನೊಳಗೆ ಕೈಸೇರಬೇಕು. ಇನ್‌ಲ್ಯಾಂಡ್ ಸಾಲದು, ದೊಡ್ಡ ಲಕೋಟೆಯಲ್ಲಿ ಕಳುಹಿಸಿ.

ಸಂಪಾದಕ